ಬೇಟೆಯ ನಾಯಿ ಮತ್ತು ಓಟದ ನಾಯಿ: ಮುಧೋಳ ತಳಿಯ ಮೈಕಟ್ಟನ್ನು ಕುರಿತು ಒಂದು ವಿವೇಚನೆ

ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಆನೆಗೂ ಕುದುರೆಗೂ ದೊರೆತಿರುವ ಸ್ಥಾನ ನಾಯಿಗೆ ದೊರೆತಿಲ್ಲ. ಕುದುರೆಯ ವ್ಯಾಪಾರವನ್ನು ಬಿಟ್ಟು ವಿಜಯನಗರದ ಚರಿತ್ರೆಯನ್ನು ಬರೆಯಲು ಬಾರದು. ಆನೆಯನ್ನು ಬಿಟ್ಟು ಗಂಗರ ಚರಿತ್ರೆಯನ್ನು ಬರೆಯಲೂ ಬಾರದು. ಆದರೆ ಮನುಷ್ಯನೊಡನೆ ಅವೆರಡಕ್ಕಿಂತಲೂ ಹೆಚ್ಚು ಕಾಲ ಬಾಳಿಬಂದ ನಾಯಿಯ ವಿಷಯದಲ್ಲಿ ನಾವು ಒಂದೆರಡು ವೀರಗಲ್ಲುಗಳನ್ನು ಹೆಸರಿಸಿ ಮುಂದಕ್ಕೆ ಹೋಗುತ್ತೇವೆ. ಕುಮಟಾ ತಾಲೂಕಿನ ಬಾಡದ ಕಡೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ತರಗತಿಯಲ್ಲಿ, "ಮುಧೋಳದ ನಾಯಿ ಅಷ್ಟು ಪ್ರಸಿದ್ಧವಾಗಿರುವಾಗ ನಮ್ಮ ಕರಾವಳಿಯ ಊರುಗಳಲ್ಲಿ ಅದನ್ನು ಯಾರೂ ಸಾಕುತ್ತಿರಲಿಲ್ಲವೇಕೆ?" ಎಂದು ಕೇಳಿದನು. ಪ್ರಶ್ನೆ ಸರಳವಾದುದು; ಉತ್ತರ ಸರಳವಲ್ಲ. ಅದಕ್ಕೆ ಉತ್ತರವನ್ನು ಹುಡುಕಹೊರಟರೆ ಪ್ರಾಣಿಯ ಮೈಕಟ್ಟು, ನೆಲದ ಗುಣ, ಜನರ ಕಸುಬು, ಕಾನೂನು ಇವೆಲ್ಲವೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿರುವುದು ಕಂಡುಬರುತ್ತದೆ. ಕೆಲಸಕ್ಕಾಗಿ ಬೆಳೆಸಿದ ನಾಯಿಗೂ ಓಟದ ಪಂದ್ಯಕ್ಕಾಗಿ ಬೆಳೆಸಿದ ನಾಯಿಗೂ ದೇಹದಲ್ಲಿ ಏನು ವ್ಯತ್ಯಾಸ, ಆ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೇಟೆಯ ನಾಯಿಗಳಲ್ಲಿ ಸ್ಥೂಲವಾಗಿ ಎರಡು ವರ್ಗಗಳುಂಟು. ಮೂಗಿನಿಂದ ವಾಸನೆ ಹಿಡಿದು ಬೇಟೆಯನ್ನು ಅರಸುವವು ಒಂದು ವರ್ಗ. ಕಣ್ಣಿಂದ ಕಂಡು ಬೆನ್ನಟ್ಟಿ ಹಿಡಿಯುವವು ಇನ್ನೊಂದು. ಇಂಗ್ಲೆಂಡಿನ ಗ್ರೇಹೌಂಡ್ ಮತ್ತು ವ್ಹಿಪೆಟ್, ಪಶ್ಚಿಮ ಏಷ್ಯದ ಸಲೂಕಿ, ನಮ್ಮ ದೇಶದ ರಾಮಪುರದ ನಾಯಿ, ಮುಧೋಳದ ನಾಯಿ ಇವೆಲ್ಲವೂ ಎರಡನೆಯ ವರ್ಗಕ್ಕೆ ಸೇರಿದವು. ಇವುಗಳ ದೇಹರಚನೆಯಲ್ಲಿ ಕೆಲವು ಲಕ್ಷಣಗಳು ಸಮಾನವಾಗಿವೆ. ತಲೆ ನೀಳವಾಗಿ ಕಿರಿದಾಗಿರುತ್ತದೆ. ಎದೆಗೂಡು ಆಳವಾಗಿದ್ದು ದೊಡ್ಡ ಹೃದಯಕ್ಕೂ ಶ್ವಾಸಕೋಶಗಳಿಗೂ ಎಡೆಗೊಡುತ್ತದೆ. ಹೊಟ್ಟೆ ಮೇಲಕ್ಕೆ ಸೇದಿಕೊಂಡಿದ್ದು ನಡು ಬಿಲ್ಲಿನಂತೆ ಬಾಗಬಲ್ಲುದು. ಈ ನಡುವೇ ಇವುಗಳ ಓಟದ ಗುಟ್ಟು. ಕುದುರೆ ನಾಗಾಲೋಟದಲ್ಲಿ ಒಂದು ದಾಪಿಗೆ ಒಂದೇ ಸಲ ನಾಲ್ಕು ಕಾಲುಗಳನ್ನೂ ನೆಲದಿಂದ ಎತ್ತುತ್ತದೆ. ಈ ನಾಯಿಗಳಾದರೋ ಎರಡು ಸಲ ಎತ್ತುತ್ತವೆ: ಕಾಲುಗಳು ಹೊಟ್ಟೆಯ ಕೆಳಗೆ ಕೂಡಿಕೊಂಡಾಗ ಒಮ್ಮೆ, ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಇನ್ನೊಮ್ಮೆ. ಒಂದೊಂದು ದಾಪಿನಲ್ಲಿಯೂ ಬೆನ್ನು ಮಡಿದು ಬಿಚ್ಚುವುದರಿಂದ ದೇಹ ಚಿಕ್ಕದಾದರೂ ದಾಪು ದೊಡ್ಡದಾಗುತ್ತದೆ.

ಲಕ್ಷಣಗಳು ಇಷ್ಟರಮಟ್ಟಿಗೆ ಸಮಾನವಾಗಿದ್ದರೂ, ಯಾವ ಕೆಲಸಕ್ಕಾಗಿ ಆರಿಸಿ ಬೆಳೆಸಿದರೆಂಬುದನ್ನು ಅನುಸರಿಸಿ ಮೈಕಟ್ಟು ಬದಲಾಗುತ್ತದೆ. ಇದಕ್ಕೆ ವ್ಹಿಪೆಟ್ ನಾಯಿಯ ಚರಿತ್ರೆ ಒಳ್ಳೆಯ ನಿದರ್ಶನ. ೧೯ನೆಯ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕೂಲಿಕಾರರು ಈ ಚಿಕ್ಕ ನಾಯಿಯನ್ನು ಸಾಕುತ್ತಿದ್ದರು. ಗ್ರೇಹೌಂಡನ್ನು ಸಾಕಲು ಹೊಲವೂ ಹಣವೂ ಬೇಕು. ವ್ಹಿಪೆಟ್ಟಿಗೆ ಅಡುಗೆಮನೆಯ ಮೂಲೆ ಸಾಕು. ವಾರದ ದಿನಗಳಲ್ಲಿ ಅದು ಮೊಲ ಹಿಡಿದು ಮನೆಯ ಪಾತ್ರೆಗೆ ಒದಗಿಸುತ್ತಿತ್ತು. ಬಿಡುವಿನ ದಿನಗಳಲ್ಲಿ ಪಂದ್ಯದಲ್ಲಿ ಓಡುತ್ತಿತ್ತು. ಪಂದ್ಯದ ಕ್ರಮವೂ ಬಡವರಿಗೆ ತಕ್ಕುದೇ ಆಗಿತ್ತು. ಇನ್ನೂರು ಗಜ, ಎಂದರೆ ಸುಮಾರು ೧೮೩ ಮೀಟರು ಉದ್ದದ ನೇರವಾದ ದಾರಿ; ಆ ತುದಿಯಲ್ಲಿ ಯಜಮಾನನು ನಿಂತು ಬಟ್ಟೆಯ ಚಿಂದಿಯನ್ನು ಬೀಸಿ ಕರೆಯುವನು; ಈ ತುದಿಯಿಂದ ಇನ್ನೊಬ್ಬನು ನಾಯಿಯನ್ನು ಹಿಡಿದೆತ್ತಿ ಮುಂದಕ್ಕೆ ಬಿಡುವನು. ಓಟ ಸುಮಾರು ಹನ್ನೆರಡು ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು. ತೂಕ ಹೆಚ್ಚಾದ ನಾಯಿಯನ್ನು ಹಿಂದೆಯೂ ಕಡಮೆಯಾದುದನ್ನು ಮುಂದೆಯೂ ನಿಲ್ಲಿಸಿ ಸಮಗೊಳಿಸುವುದು ರೂಢಿಯಾಗಿದ್ದುದರಿಂದ, ಒಂದೊಂದು ಪೌಂಡು ತೂಕಕ್ಕೂ ಬೆಲೆಯಿತ್ತು.

೧೮೯೧ರಲ್ಲಿ ಇಂಗ್ಲೆಂಡಿನ ಕೆನ್ನೆಲ್ ಕ್ಲಬ್ಬು ವ್ಹಿಪೆಟ್ಟನ್ನು ಒಂದು ತಳಿಯೆಂದು ಅಂಗೀಕರಿಸಿತು. ಅಲ್ಲಿಂದ ಮುಂದೆ ಒಂದೇ ಹೆಸರಿನ ಕೆಳಗೆ ಮೂರು ಬಗೆಯ ಆಯ್ಕೆ ನಡೆಯಿತೆನ್ನಬಹುದು. ಪ್ರದರ್ಶನದ ಕಟ್ಟೆಯ ಮೇಲೆ ನಿಲ್ಲುವ ನಾಯಿಗೆ ಬೇಕಾದುದು ಕಣ್ಣಿಗೆ ಒಪ್ಪುವ ರೇಖೆ ಮತ್ತು ನಿಗದಿಯಾದ ಎತ್ತರ. ಇಂಗ್ಲೆಂಡಿನ ನಿಯಮದಂತೆ ಗಂಡು ೪೭ರಿಂದ ೫೧ ಸೆಂಟಿಮೀಟರು, ಹೆಣ್ಣು ೪೪ರಿಂದ ೪೭ ಸೆಂಟಿಮೀಟರು ಇರಬೇಕು. ಪಂದ್ಯದ ನಾಯಿಗೆ ಬೇಕಾದುದು ಹನ್ನೆರಡು ಸೆಕೆಂಡುಗಳಲ್ಲಿ ಸಿಡಿಯುವ ತೊಡೆಯ ಬಲ. ಮೊಲದ ಬೇಟೆಯ ನಾಯಿಗೆ ಬೇಕಾದುದು ಇವೆರಡೂ ಅಲ್ಲ. ಅದು ತಟ್ಟನೆ ತಿರುಗಬೇಕು, ಬೇಲಿಯಲ್ಲಿ ನುಸುಳಬೇಕು, ಮುಳ್ಳಿಗೂ ಕಲ್ಲಿಗೂ ಹೆದರಬಾರದು, ಒಂದು ಬೇಟೆ ತಪ್ಪಿದರೆ ಸ್ವಲ್ಪ ಹೊತ್ತಿನಲ್ಲಿಯೇ ಇನ್ನೊಂದಕ್ಕೆ ಸಿದ್ಧವಾಗಬೇಕು.

ಪಂದ್ಯದ ಆಯ್ಕೆ ದೇಹದ ಒಳಗನ್ನೂ ಹೇಗೆ ಮುಟ್ಟುತ್ತದೆಂಬುದು ೨೦೦೭ರಲ್ಲಿ ಸ್ಪಷ್ಟವಾಯಿತು. ದೇಹದಲ್ಲಿ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ವಸ್ತುವೊಂದುಂಟು. ಅದನ್ನು ನಿಯಂತ್ರಿಸುವ ಜೀನಿನಲ್ಲಿ ಎರಡು ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವ ವ್ಹಿಪೆಟ್ಟುಗಳನ್ನು ಅಮೆರಿಕದ ಸಂಶೋಧಕರು ಗುರುತಿಸಿದರು. ಇಂತಹ ದೋಷಯುತ ಜೀನನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದ ನಾಯಿ ಉಳಿದವುಗಳಿಗಿಂತ ಹೆಚ್ಚು ಮೈಗಟ್ಟಾಗಿದ್ದು, ಪಂದ್ಯದಲ್ಲಿ ಮೇಲಿನ ದರ್ಜೆಯಲ್ಲಿ ಓಡುತ್ತದೆ. ಇಬ್ಬರಿಂದಲೂ ಪಡೆದ ನಾಯಿಯ ಮೈಯೆಲ್ಲ ಗಂಟುಗಂಟಾದ ಮಾಂಸಖಂಡಗಳಿಂದ ಉಬ್ಬಿ, ಅದು ವ್ಹಿಪೆಟ್ಟೆಂದು ಗುರುತಿಸಲೂ ಬಾರದಂತಾಗುತ್ತದೆ. ಗೆಲ್ಲುವ ನಾಯಿಗಳನ್ನೇ ಜೋಡಿ ಮಾಡುತ್ತ ಹೋದರೆ ಏನಾಗುವುದೆಂಬುದನ್ನು ಮೆಂಡೆಲನ ನಿಯಮವೇ ತಿಳಿಸುತ್ತದೆ: ಒಂದೊಂದು ದೋಷಯುತ ಜೀನುಳ್ಳ ಎರಡು ನಾಯಿಗಳ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಈ ಉಬ್ಬಿದ ದೇಹವನ್ನು ಪಡೆಯುತ್ತದೆ. ಗೆಲುವಿನ ಬೆಲೆಯನ್ನು ಗೆದ್ದ ನಾಯಿ ತೆರುವುದಿಲ್ಲ; ಅದರ ಸಂತತಿ ತೆರುತ್ತದೆ.

ಗ್ರೇಹೌಂಡಿನ ಕಥೆಯೂ ಇದನ್ನೇ ಸಮರ್ಥಿಸುತ್ತದೆ. ಯಂತ್ರದಿಂದ ಓಡುವ ಕೃತಕ ಮೊಲದ ಹಿಂದೆ ನಾಯಿಗಳನ್ನು ಅಂಡಾಕಾರದ ದಾರಿಯಲ್ಲಿ ಓಡಿಸುವ ಪಂದ್ಯ ಇಂಗ್ಲೆಂಡಿನಲ್ಲಿ ೧೯೨೬ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಎಂಬಲ್ಲಿ ಆರಂಭವಾಯಿತು. ನಿಜವಾದ ಮೊಲ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಕೃತಕ ಮೊಲ ಅಂಡಾಕಾರದ ದಾರಿಯಲ್ಲಿ ಯಾವಾಗಲೂ ಎಡಕ್ಕೇ ತಿರುಗುತ್ತದೆ. ಹೀಗೆ ಒಂದೇ ಕಡೆಗೆ ತಿರುಗಿ ತಿರುಗಿ ಓಡುವ ನಾಯಿಗಳಲ್ಲಿ ಬಲಗಡೆಯ ಹಿಂಗಾಲಿನ ಗಂಟಿನ ಎಲುಬು ಮುರಿಯುವುದು ಪಶುವೈದ್ಯರಿಗೆ ಚಿರಪರಿಚಿತವಾದ ವಿಷಯ. ಬಯಲಿನಲ್ಲಿ ಬೇಟೆಯಾಡುವ ನಾಯಿಗೂ ಪೆಟ್ಟುಗಳುಂಟು. ಆದರೆ ಅವು ಒಂದೇ ಎಲುಬನ್ನು ಹುಡುಕಿಕೊಂಡು ಬರುವುದಿಲ್ಲ.

ಇನ್ನು ನಮ್ಮ ಮುಧೋಳದ ಕಡೆಗೆ ತಿರುಗೋಣ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಮುಧೋಳವು ಮಹಾಕವಿ ರನ್ನನ ಮುದುವೊಳಲು. ಮುಂದೆ ಘೋರ್ಪಡೆ ಮನೆತನದ ಸಂಸ್ಥಾನದ ರಾಜಧಾನಿ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲಾರೆವೆಂದು ಬಂಡೆದ್ದ ಹಲಗಲಿಯ ಬೇಡರು ಈ ಸಂಸ್ಥಾನದ ಪ್ರಜೆಗಳೇ. ಘಟಪ್ರಭಾ ನದಿಯ ಆಸುಪಾಸಿನ ಎರೆ ಭೂಮಿ, ಜೋಳದ ಹೊಲ, ಮರ ವಿರಳವಾದ ಬಯಲು, ಅದರಲ್ಲಿ ಮೊಲ, ನರಿ, ಚಿಗರಿ: ಇದು ಕಣ್ಣಿನ ಬೇಟೆಗೆ ಹೇಳಿ ಮಾಡಿಸಿದ ನೆಲ. ಇಲ್ಲಿ ಬೆಳೆದ ನಾಯಿಗೆ ಕಾರವಾನಿ ಎಂಬ ಹೆಸರೂ ಉಂಟು. ಪಶ್ಚಿಮದಿಂದ ಬಂದ ಸಾರ್ಥವಾಹರೊಡನೆ ಇದರ ಪೂರ್ವಜರು ದಖ್ಖನಿಗೆ ಬಂದುವೆಂಬ ನಂಬಿಕೆಯನ್ನು ಆ ಹೆಸರು ಉಳಿಸಿಕೊಂಡಿದೆ. ಕೂದಲು ತುಸು ನೀಳವಾದುದನ್ನು ಪಶ್ಮಿ ಎನ್ನುವರು. ೨೦ನೆಯ ಶತಮಾನದ ಆರಂಭದಲ್ಲಿ ಆಳಿದ ಮಾಲೋಜಿರಾವ್ ಘೋರ್ಪಡೆಯವರು ಚದರಿಹೋಗಿದ್ದ ಈ ನಾಯಿಗಳನ್ನು ಆರಿಸಿ ಬೆಳೆಸಿ ತಳಿಗೆ ಪ್ರತಿಷ್ಠೆಯನ್ನು ತಂದರು. ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬ ಮಾತು ಆ ಪ್ರಾಂತದಲ್ಲಿ ಇಂದಿಗೂ ಹೆಮ್ಮೆಯಿಂದ ಕೇಳಿಬರುತ್ತದೆ. ಅರಮನೆ ಹೊಸ ತಳಿಯನ್ನೇನೂ ನಿರ್ಮಿಸಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಹಳ್ಳಿಯ ಬೇಟೆಗಾರರೂ ಕುರಿಗಾರರೂ ತಲೆಮಾರುಗಳಿಂದ ಮಾಡಿದ್ದ ಆಯ್ಕೆಯನ್ನು ಅದು ಎತ್ತಿಹಿಡಿಯಿತು.

ಮುಧೋಳದ ಗಂಡುನಾಯಿ ಭುಜದ ಬಳಿ ಸುಮಾರು ೬೮ರಿಂದ ೭೨ ಸೆಂಟಿಮೀಟರು, ಹೆಣ್ಣು ೬೪ರಿಂದ ೬೮ ಸೆಂಟಿಮೀಟರು ಎತ್ತರವಿರುವುದು ವಾಡಿಕೆ. ತೂಕ ಸುಮಾರು ೨೦ರಿಂದ ೨೮ ಕಿಲೋಗ್ರಾಂ. ಇಂಗ್ಲಿಷ್ ಗ್ರೇಹೌಂಡಿನ ಗಂಡಿನ ಎತ್ತರ ೭೧ರಿಂದ ೭೬ ಸೆಂಟಿಮೀಟರು. ತೂಕ ೩೦ ಕಿಲೋಗ್ರಾಂಗಿಂತ ಮೇಲಾಗಿರುವುದೇ ಹೆಚ್ಚು. ಎತ್ತರದಲ್ಲಿ ಅಂತರ ಅತ್ಯಲ್ಪ, ತೂಕದಲ್ಲಿ ಗಣನೀಯ. ಒಂದು ಸಣ್ಣ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಆಕಾರ ಬದಲಾಗದೆ ದೇಹ ದೊಡ್ಡದಾದರೆ ತೂಕವು ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ೭೦ ಸೆಂಟಿಮೀಟರು ಎತ್ತರ, ೨೫ ಕಿಲೋಗ್ರಾಂ ತೂಕದ ಮುಧೋಳದ ನಾಯಿಯೊಂದು ಅದೇ ಆಕಾರದಲ್ಲಿ ೭೩ ಸೆಂಟಿಮೀಟರಿಗೆ ಬೆಳೆದಿತೆಂದು ಭಾವಿಸೋಣ. ಅದರ ತೂಕ ೨೮ ಕಿಲೋಗ್ರಾಂಗಿಂತ ಸ್ವಲ್ಪ ಮೇಲಾಗುತ್ತದೆ. ಅಷ್ಟೇ ಎತ್ತರದ ಪಂದ್ಯದ ಗ್ರೇಹೌಂಡು ೩೩ ಕಿಲೋಗ್ರಾಂ ತೂಗಿದರೆ, ಮಿಕ್ಕ ನಾಲ್ಕೂವರೆ ಕಿಲೋಗ್ರಾಂ ಎತ್ತರದಿಂದ ಬಂದುದಲ್ಲ. ಅದು ಬಹುಮಟ್ಟಿಗೆ ತೊಡೆ, ಬೆನ್ನು, ಹೆಗಲುಗಳಲ್ಲಿ ಕೂಡಿಕೊಂಡ ಸ್ನಾಯು. ಕೇವಲ ಎತ್ತರವನ್ನು ಅಳೆದು ಎರಡನ್ನೂ ಒಂದೇ ಜಾತಿಯವೆಂದು ತೀರ್ಮಾನಿಸುವವನಿಗೆ ಈ ನಾಲ್ಕೂವರೆ ಕಿಲೋಗ್ರಾಂ ಕಾಣುವುದೇ ಇಲ್ಲ.

ಹೆಚ್ಚು ಸ್ನಾಯು ಹೆಚ್ಚು ಬಲವಲ್ಲವೇ, ಅದು ಬೇಟೆಗೆ ಏಕೆ ಬೇಡ ಎಂದು ಓದುಗರು ಕೇಳಬಹುದು. ಉತ್ತರ ಬಿಸಿಲಿನಲ್ಲಿದೆ. ಸ್ನಾಯು ಖರ್ಚುಮಾಡುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಯಾಗುತ್ತದೆ, ಉಳಿದುದು ಶಾಖವಾಗುತ್ತದೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ತೇಕುತ್ತ ಬಾಯಿಂದಲೂ ನಾಲಗೆಯಿಂದಲೂ ಶಾಖವನ್ನು ಹೊರಹಾಕುತ್ತದೆ. ಅರ್ಧ ನಿಮಿಷದ ಪಂದ್ಯದಲ್ಲಿ ಈ ಶಾಖವನ್ನು ಒಡಲಿನಲ್ಲಿಯೇ ಅಡಗಿಸಿಟ್ಟುಕೊಂಡು, ಓಟ ಮುಗಿದ ಮೇಲೆ ನೆರಳಿನಲ್ಲಿ ನಿಂತು ತಣಿಯಬಹುದು. ಆದರೆ ಬಯಲಿನ ಬೇಟೆ ಅರ್ಧ ನಿಮಿಷಕ್ಕೆ ಮುಗಿಯುವುದಿಲ್ಲ. ಬೆನ್ನಟ್ಟಿದ ಪ್ರಾಣಿ ಕಣ್ಮರೆಯಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ. ಬೇಟೆಗಾರನು ಬೆಳಗಿನಿಂದ ಹೊತ್ತೇರುವವರೆಗೆ ಹಲವು ಹೊಲಗಳನ್ನು ದಾಟುತ್ತಾನೆ. ಅಲ್ಲಿ ದಪ್ಪ ತೊಡೆಯ ನಾಯಿ ಮೊದಲನೆಯ ಓಟದಲ್ಲಿ ಮುಂದಾಗಬಹುದು. ಮೂರನೆಯ ಓಟಕ್ಕೆ ಅದು ನಾಲಗೆ ಚಾಚಿ ಮಲಗಿರುತ್ತದೆ. ತೆಳುವಾದ ಮೈ, ಗಿಡ್ಡಗೂದಲು, ತೊಗಲಿನಡಿಯಲ್ಲಿ ಕೊಬ್ಬಿಲ್ಲದಿರುವುದು ಇವೆಲ್ಲ ಶಾಖವನ್ನು ಬೇಗ ಬಿಟ್ಟುಕೊಡಲು ನೆರವಾಗುತ್ತವೆ. ಬೇಸಗೆಯಲ್ಲಿ ಕಲ್ಲಿನಂತಾಗಿ ಬಿರುಕುಬಿಡುವ ಎರೆ ನೆಲಕ್ಕೆ ಗಟ್ಟಿಯಾದ ಅಂಗಾಲು ಬೇಕು. ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆಗಳ ಮೇಲೆ ಬದುಕುವ ಮನೆಯಲ್ಲಿ ಮಾಂಸವನ್ನೇ ಬೇಡುವ ಭಾರಿ ದೇಹ ಬಾಳಲಾರದು. ಆದುದರಿಂದ ಮುಧೋಳದ ನಾಯಿಯ ಸಣಕಲುತನವನ್ನು ಆಹಾರದ ಕೊರತೆಯೆಂದು ಭಾವಿಸುವುದು ತಪ್ಪು. ಅದು ಬಹುಕಾಲದ ಲೆಕ್ಕಾಚಾರದ ಫಲ.

ಈಗ ಬಾಡದ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅಘನಾಶಿನಿಯ ಅಳಿವೆಯಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ ಒಂದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಮುಧೋಳದ ಮಳೆ ಅದರ ಐದನೆಯ ಒಂದು ಪಾಲಿನಷ್ಟು. ಗದ್ದೆಯನ್ನು ದಾಟಿದರೆ ತೋಟ, ತೋಟವನ್ನು ದಾಟಿದರೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಕಣ್ಣು ನೂರು ಮಾರು ಹಾಯುವಷ್ಟು ಬಯಲು ಅಪರೂಪವಾದ ಇಂತಹ ಕಡೆ ಕಣ್ಣಿನ ಬೇಟೆಯ ನಾಯಿಗೆ ಕೆಲಸವೇ ಇಲ್ಲ. ಗದ್ದೆಗೆ ನುಗ್ಗುವ ಹಂದಿಯನ್ನೂ ತೋಟಕ್ಕೆ ಇಳಿಯುವ ಮಂಗನನ್ನೂ ಬೆದರಿಸಲು ಬೇಕಾದುದು ಕಿವಿ, ಮೂಗು ಮತ್ತು ದೊಡ್ಡ ದನಿ. ಆ ಕೆಲಸವನ್ನು ನಮ್ಮ ಊರನಾಯಿ ಮಾಡಿಕೊಂಡು ಬಂದಿದೆ; ಅದಕ್ಕೆ ಯಾರೂ ತಳಿಯೆಂದು ಹೆಸರಿಟ್ಟಿಲ್ಲ, ಅಷ್ಟೆ.

ಕೆಲಸದ ಪ್ರಾಣಿ ಓಟದ ಪ್ರಾಣಿಯಾಗುವುದನ್ನು ಕಾಣಲು ಕರಾವಳಿಯವರು ದೂರ ಹೋಗಬೇಕಾಗಿಲ್ಲ. ಭಟ್ಕಳವನ್ನು ದಾಟಿ ಬೈಂದೂರು, ಕುಂದಾಪುರಗಳ ಕಡೆಗೆ ಹೋದರೆ ಕಂಬಳದ ಗದ್ದೆಗಳು ದೊರೆಯುತ್ತವೆ. ಬೇಸಾಯದ ಆಚರಣೆಯಾಗಿದ್ದ ಕಂಬಳ ಇಂದು ಸೆಕೆಂಡಿನ ನೂರನೆಯ ಭಾಗವನ್ನೂ ಅಳೆಯುವ ಪಂದ್ಯವಾಗಿದೆ, ೨೦೨೦ರಲ್ಲಿ ೧೪೨.೫ ಮೀಟರು ದೂರವನ್ನು ೧೩.೬೨ ಸೆಕೆಂಡುಗಳಲ್ಲಿ ಕ್ರಮಿಸಿದ ಓಟವೊಂದು ದೇಶದಾದ್ಯಂತ ಸುದ್ದಿಯಾಯಿತು. ನೇಗಿಲಿಗೆ ಕಟ್ಟಿದ ಕೋಣ ದಿನವೆಲ್ಲ ನಿಧಾನವಾಗಿ ಎಳೆಯಬೇಕು. ಕಂಬಳದ ಕೋಣ ಕಾಲು ನಿಮಿಷದಲ್ಲಿ ಎಲ್ಲವನ್ನೂ ತೀರಿಸಬೇಕು. ಒಂದರ ಗುಣ ಇನ್ನೊಂದರ ಗುಣವಲ್ಲವೆಂಬುದು ಕೋಣ ಸಾಕಿದ ಮನೆಯವರಿಗೆ ತಿಳಿದ ಮಾತು.

ಹಳೆಯ ಕಾಲದ ಆಧಾರಗಳು ಈ ವಿಷಯದಲ್ಲಿ ಏನನ್ನು ಹೇಳುತ್ತವೆ? ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನ ಶಕವರ್ಷ ೮೭೨ರದು, ಎಂದರೆ ಕ್ರಿ. ಶ. ೯೪೯-೫೦ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲರನು ಗಂಗರಾಜನಾದ ಇಮ್ಮಡಿ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಂದರೊಡನೆ ಹೋರಾಡಿ, ಎರಡೂ ಮಡಿದುವು. ಮಣಲರನು ಕಲ್ಲನ್ನು ನಿಲ್ಲಿಸಿದನು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿಹಂದಿಗಳ ಕಾಳಗವನ್ನು ಕಂಡರಿಸಲಾಗಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ನಡುವೆ ಸಾರಮೇಯವಿನೋದಕ್ಕೂ ಸ್ಥಾನವಿದೆ. ಆದರೆ ಇವನ್ನು ಮುಂದಿಟ್ಟುಕೊಂಡು ಮುಧೋಳದ ನಾಯಿಗೆ ಸಾವಿರ ವರ್ಷದ ವಂಶಾವಳಿಯನ್ನು ಕಟ್ಟುವುದು ಚರಿತ್ರಕಾರನಿಗೆ ಸಲ್ಲದು. ಹಂದಿಯೊಡನೆ ಸೆಣಸುವ ನಾಯಿಗೆ ಹಿಡಿತವೂ ಭಾರವೂ ಬೇಕು. ಚಿಗರಿಯನ್ನು ಬೆನ್ನಟ್ಟುವ ನಾಯಿಗೆ ಹಗುರವಾದ ಮೈ ಬೇಕು. ಕಾಳಿಯ ಕೆಲಸವೇ ಬೇರೆ. ಮೈಕಟ್ಟೂ ಬೇರೆಯೇ ಇದ್ದಿರಬೇಕು. ಈ ಆಧಾರಗಳಿಂದ ದೃಢಪಡುವುದಿಷ್ಟು: ನಾಯಿಯನ್ನು ಅದರ ಕೆಲಸದಿಂದ ಬೆಲೆಕಟ್ಟುವ, ಅದು ಮಡಿದಾಗ ಗೌರವಿಸುವ ಪದ್ಧತಿ ಈ ನಾಡಿನಲ್ಲಿ ಬಹು ಹಿಂದಿನಿಂದಲೂ ಇದ್ದಿತು.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಮುಧೋಳದ ನಾಯಿಯ ಕೆಲಸ ಬದಲಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಚಿಗರಿಯ ಸಂತತಿ ಉಳಿಯಲು ಆ ಕಾಯಿದೆ ಅವಶ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಡನೆ ಈ ತಳಿಯ ಮೈಕಟ್ಟನ್ನು ತಿದ್ದುತ್ತಿದ್ದ ಪರೀಕ್ಷೆಯೂ ನಿಂತಿತೆಂಬುದನ್ನು ಒಪ್ಪಬೇಕು. ೨೦೦೫ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೊಂದು ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ೨೦೧೬ರಲ್ಲಿ ಇಲ್ಲಿಯ ಮರಿಗಳು ಮೀರತ್ತಿನ ಸೇನಾ ತರಬೇತಿ ಕೇಂದ್ರಕ್ಕೆ ಹೋದುವು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ದೇಶೀಯ ತಳಿಗಳನ್ನು ಪ್ರಶಂಸಿಸುತ್ತ ಮುಧೋಳವನ್ನು ಹೆಸರಿಸಿದ ಮೇಲೆ ಮರಿಗಳಿಗೆ ಬೇಡಿಕೆ ಮತ್ತಷ್ಟು ಏರಿತು. ಮುಧೋಳದ ಸುತ್ತಲಿನ ಹಳ್ಳಿಗಳ ಹಲವು ಬಡ ಕುಟುಂಬಗಳಿಗೆ ಮರಿಗಳ ಮಾರಾಟ ಜೀವನಾಧಾರವಾಗಿದೆ.

ಇದು ಸಂತೋಷದ ಸಂಗತಿಯೇ. ಆದರೆ ಅಪಾಯವೂ ಇಲ್ಲಿಯೇ ಅಡಗಿದೆ. ಕೊಳ್ಳುವವನು ಕೇಳುವುದು ಎತ್ತರವನ್ನು ಮತ್ತು ಅಬ್ಬರದ ಓಟವನ್ನು. ಗ್ರೇಹೌಂಡಿನೊಡನೆ ಬೆರಕೆ ಮಾಡಿದರೆ ಎರಡೂ ಒಂದೇ ತಲೆಮಾರಿನಲ್ಲಿ ದೊರೆಯುತ್ತವೆ. ಬೆರಕೆಯ ಮರಿ ಅಳತೆಕೋಲಿನ ಮುಂದೆ ಮುಧೋಳವೆಂದೇ ನಿಲ್ಲುತ್ತದೆ. ಕಳೆದುಹೋಗುವುದು ಕೋಲಿಗೆ ಸಿಕ್ಕದ ಗುಣಗಳು: ಬಿಸಿಲನ್ನು ತಾಳುವ ಶಕ್ತಿ, ಗಟ್ಟಿ ಅಂಗಾಲು, ಅಲ್ಪಾಹಾರದಲ್ಲಿ ಬಾಳುವ ಕಸುವು. ಗಡಿಯಲ್ಲಿ ಕಾವಲು ನಿಲ್ಲುವ ನಾಯಿಗೆ ನಿಜವಾಗಿ ಬೇಕಾದುವು ಈ ಗುಣಗಳೇ ಎಂಬುದನ್ನು ನೆನೆದರೆ, ನಷ್ಟ ಕೇವಲ ಭಾವನೆಯದಲ್ಲವೆಂಬುದು ತಿಳಿಯುತ್ತದೆ. ವ್ಹಿಪೆಟ್ಟಿನ ಚರಿತ್ರೆ ನಮಗೆ ಕಲಿಸುವ ಪಾಠ ಇದೇ: ಒಂದೇ ಗುಣವನ್ನು ಅಳೆದು ಬಹುಮಾನ ಕೊಡುತ್ತ ಹೋದರೆ, ಆ ಗುಣ ಬೆಳೆಯುತ್ತದೆ, ಅಳೆಯದೆ ಬಿಟ್ಟವು ಸದ್ದಿಲ್ಲದೆ ಸೋರಿಹೋಗುತ್ತವೆ.

ಇದಕ್ಕೆ ಪರಿಹಾರವೂ ಅಸಾಧ್ಯವಾದುದೇನಲ್ಲ. ಎತ್ತರದೊಡನೆ ತೂಕ, ಎದೆಯ ಸುತ್ತಳತೆ, ತೊಡೆಯ ಸುತ್ತಳತೆ, ಅಂಗಾಲಿನ ಸ್ಥಿತಿ, ಓಡಿದ ಮೇಲೆ ಉಸಿರು ಸಮಸ್ಥಿತಿಗೆ ಬರಲು ಹಿಡಿಯುವ ಕಾಲ ಇವಿಷ್ಟನ್ನು ಕ್ರಮವಾಗಿ ಬರೆದಿಡುವುದು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಸಾಧ್ಯ. ಹಳೆಯ ಬೇಟೆಗಾರರೂ ಕುರಿಗಾರರೂ ಮರಿಯನ್ನು ಆರಿಸುವಾಗ ಏನನ್ನು ನೋಡುತ್ತಿದ್ದರು, ಯಾವುದನ್ನು ಬೇಡವೆನ್ನುತ್ತಿದ್ದರು, ಒಂದೊಂದು ಲಕ್ಷಣಕ್ಕೆ ಯಾವ ಹೆಸರಿಟ್ಟಿದ್ದರು ಎಂಬುದನ್ನು ಕೇಳಿ ಸಂಗ್ರಹಿಸುವುದು ಇತಿಹಾಸದ ವಿದ್ಯಾರ್ಥಿಗಳ ಪಾಲಿನ ಕೆಲಸ. ಬೇಟೆ ನಿಂತು ಅರ್ಧ ಶತಮಾನ ಕಳೆದಿದೆ. ಆ ಕೆಲಸವನ್ನು ಕಣ್ಣಾರೆ ಕಂಡವರು ಈಗ ವೃದ್ಧರು. ನಾಯಿಯನ್ನು ಮುಂದೆಯೂ ಅಳೆಯಬಹುದು. ಅವರ ಮಾತನ್ನು ಈಗಲೇ ಬರೆದುಕೊಳ್ಳಬೇಕು. ಉತ್ತರ ಕರ್ನಾಟಕದ ಕಾಲೇಜುಗಳ ಅಧ್ಯಾಪಕರು ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳೊಡನೆ ಈ ಕೆಲಸವನ್ನು ಕೈಗೊಂಡರೆ, ಆತಕೂರಿನ ಕಲ್ಲು ಒಂದು ನಾಯಿಗೆ ಮಾಡಿದ ಉಪಕಾರವನ್ನು ನಾವು ಒಂದು ತಳಿಗೆ ಮಾಡಿದಂತಾದೀತು.